ರಿಸರ್ವ್ ಬ್ಯಾಂಕ್ ಗವರ್ನರ್ ಒಬ್ರ ಜೀವನಾನ ಮೂರು ಕಾಲಮ್ಮಲ್ಲಿ ಬರ್ಕೊಳ್ಳೋದು ಹೇಗೆ

ದೊಡ್ಡ ಅಧಿಕಾರಿ ಯಾರ್ದಾದ್ರೂ ಬಗ್ಗೆ ಬರೀರಿ ಅಂದ್ರೆ ನಾವೆಲ್ಲ ಮಾಡೋದು ಒಂದೇ, ಇಲ್ಲಿ ಹುಟ್ಟಿದ್ರು ಅಲ್ಲಿ ಓದಿದ್ರು ಆ ಪೋಸ್ಟಲ್ಲಿದ್ರು ಈ ಪೋಸ್ಟಲ್ಲಿದ್ರು ಅಂತ ಪಟ್ಟಿ ಕೊಟ್ಟು, ಮಧ್ಯದಲ್ಲಿ "ಆಗ ಎರಡನೇ ಮಹಾಯುದ್ಧ ನಡೀತಿತ್ತು" ಅಂತ ಒಂದು ಲೈನ್ ಒಗ್ಗರಣೆ ಹಾಕಿ ಮುಗಿಸ್ತೀವಿ. ಯುದ್ಧಕ್ಕೂ ಆ ಮನುಷ್ಯನ ಟೇಬಲ್ಲಿಗೂ ಏನು ಸಂಬಂಧ ಅಂತ ಓದೋರಿಗೆ ಗೊತ್ತಾಗಲ್ಲ, ನಿಜ ಹೇಳ್ಬೇಕಂದ್ರೆ ಬರ್ದೋರಿಗೂ ಗೊತ್ತಿರಲ್ಲ. ನಾನೂ ಹಾಗೇ ಬರೀತಿದ್ದೆ. ಆಮೇಲೆ ಬೆನಗಲ್ ರಾಮರಾವ್ ಬಗ್ಗೆ ಟಿಪ್ಪಣಿ ಮಾಡ್ಕೊಳ್ಳೋವಾಗ ಒಂದು ದಾರಿ ಸಿಕ್ತು, ಅದನ್ನೇ ಇಲ್ಲಿ ಹೇಳ್ತೀನಿ. ಇವ್ರು 1949ರ ಜುಲೈ 1ರಿಂದ 1957ರ ಜನವರಿ 14ರ ತನಕ ರಿಸರ್ವ್ ಬ್ಯಾಂಕ್ ಗವರ್ನರ್, ಏಳೂವರೆ ವರ್ಷ, ಇವತ್ತಿನವರೆಗೂ ಅಷ್ಟು ದಿನ ಆ ಕುರ್ಚಿಲಿ ಕೂತೋರು ಇನ್ನೊಬ್ರಿಲ್ಲ.

ಬೇಕಾಗಿರೋದು ಒಂದು ಉದ್ದನೆ ನೋಟ್‌ಬುಕ್, ಅಂಗಡಿ ಖಾತೆ ಪುಸ್ತಕ ಆದ್ರೆ ಇನ್ನೂ ಚೆನ್ನ. ಪುಟಕ್ಕೆ ಎರಡು ಗೆರೆ ಎಳೆದ್ರೆ ಮೂರು ಕಾಲಮ್ ಆಗತ್ತೆ. ಎಡಗಡೆ ಮನುಷ್ಯ, ಬಲಗಡೆ ಪ್ರಪಂಚ, ಮಧ್ಯದಲ್ಲಿ ದುಡ್ಡು. ದುಡ್ಡು ಅಂದ್ರೆ ಆ ವರ್ಷ ರೂಪಾಯಿಗೆ ಎಷ್ಟು ಡಾಲರ್, ಬ್ಯಾಂಕ್ ರೇಟ್ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರ) ಎಷ್ಟು, ಖಜಾನೆಲಿ ಚಿನ್ನ ಎಷ್ಟು, ಸಾಮಾನಿನ ಬೆಲೆ ಏರ್ತಿತ್ತಾ ಇಳೀತಿತ್ತಾ, ಇಂಥವು. ರೂಲ್ ಒಂದೇ: ಮಧ್ಯದ ಕಾಲಮ್ಮಲ್ಲಿ ಏನೂ ಬರೆಯಕ್ಕೆ ಆಗ್ಲಿಲ್ಲ ಅಂದ್ರೆ ಎಡಗಡೆಗೂ ಬಲಗಡೆಗೂ ಗಂಟು ಹಾಕ್ಬೇಡಿ, ಎಷ್ಟೇ ಆಸೆ ಆದ್ರೂ ಸರಿ.

ಶುರು ಮಾಡೋಕೆ ಮುಂಚೆ ಹೆಸರು ಸರಿಯಾಗಿ ನೋಡ್ಕೊಳ್ಳಿ, ಇದು ಚಿಕ್ಕ ವಿಷಯ ಅಲ್ಲ. ಕನ್ನಡದಲ್ಲಿ ಹುಡುಕಿದ್ರೆ ಬೆನಗಲ್ ರಾಮರಾವ್ ಅಂತ ಇನ್ನೊಬ್ರು ಸಿಗ್ತಾರೆ, ಅವರು ಕನ್ನಡ ವಿದ್ವಾಂಸರು, 1925ರಲ್ಲಿ ಬೆಳಗಾವಿಲಿ ಆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದೋರು. ನಾನು ಮೊದ್ಲ ಸಲ ಇಬ್ರನ್ನೂ ಒಬ್ರೇ ಅಂದ್ಕೊಂಡು, ಐಸಿಎಸ್ (ಬ್ರಿಟಿಷರ ಕಾಲದ ಐಎಎಸ್ ಅನ್ನಿ) ಆಫೀಸರ್ ಹೆಂಗೆ ಸಮ್ಮೇಳನಾಧ್ಯಕ್ಷ ಆದ್ರು ಅಂತ ಅರ್ಧ ಪುಟ ಆಶ್ಚರ್ಯಪಟ್ಟು ಬರ್ದಿದ್ದೆ, ಹರಿದು ಹಾಕ್ದೆ. ನಮ್ಮ ಗವರ್ನರ್ 1889ರಲ್ಲಿ ಹುಟ್ಟಿದೋರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು, ಆಮೇಲೆ ಐಸಿಎಸ್. ಕರಾವಳಿಯ ಸಾರಸ್ವತರ ಮನೆತನ.

ಕರಾವಳಿ ಅಂದ ತಕ್ಷಣ ಒಂದು ಬಲೆ ಇದೆ, ಬೀಳ್ಬೇಡಿ. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲಾ ಹುಟ್ಟಿದ್ದು ಆ ಕಡೆನೇ, ಅದ್ಕೆ "ಬ್ಯಾಂಕಿಂಗ್ ಅವರ ರಕ್ತದಲ್ಲೇ ಇತ್ತು" ಅಂತ ಬರೆಯೋಕೆ ಕೈ ಕಡಿಯತ್ತೆ. ಸುಳ್ಳು ಅದು. ಗವರ್ನರ್ ಆಗೋ ದಿನದವರೆಗೂ ಈ ಮನುಷ್ಯ ಒಂದೇ ಒಂದು ಬ್ಯಾಂಕಲ್ಲೂ ಕೆಲ್ಸ ಮಾಡಿರ್ಲಿಲ್ಲ. ಸೈಮನ್ ಕಮಿಷನ್ನಿಗೆ ಹಣಕಾಸಿನ ಸಲಹೆ, ದುಂಡುಮೇಜಿನ ಪರಿಷತ್ತಿನ ಕೆಲ್ಸ, ಲಂಡನ್ನಲ್ಲಿ ಡೆಪ್ಯುಟಿ ಹೈಕಮಿಷನರ್, 1938ರಿಂದ 41ರ ತನಕ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿ, ಎಲ್ಲಾ ಸರ್ಕಾರಿ ನೌಕರಿನೇ. ಇದನ್ನ ಎಡಗಡೆ ಕಾಲಮ್ಮಲ್ಲಿ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ, 1957ರಲ್ಲಿ ಉಪಯೋಗಕ್ಕೆ ಬರತ್ತೆ.

ಮನೆಯೋರನ್ನೂ ಎಡಗಡೆನೇ ಹಾಕಿ, ಆದ್ರೆ ಪೆನ್ಸಿಲ್ಲಲ್ಲಿ. ಅಣ್ಣ ಬಿ.ಎನ್. ರಾವ್, ಸಂವಿಧಾನ ಸಭೆಯ ಸಲಹೆಗಾರರು. ಇನ್ನೊಬ್ಬ ಸೋದರ ಬಿ. ಶಿವರಾವ್, ಪತ್ರಕರ್ತರು. ಹೆಂಡತಿ ಧನ್ವಂತಿ, ಕಾಶ್ಮೀರಿ ಪಂಡಿತರ ಮನೆ ಮಗಳು ಆದ್ರೆ ಹುಟ್ಟಿ ಬೆಳೆದಿದ್ದು ಹುಬ್ಬಳ್ಳಿಲಿ, 1949ರಲ್ಲಿ ಮುಂಬೈಲಿ ಕುಟುಂಬ ಯೋಜನೆ ಸಂಘ ಕಟ್ಟಿದ್ದು ಅವರೇ. ಈ ಮನೇಲಿ ರಾತ್ರಿ ಊಟಕ್ಕೆ ಕೂತ್ರೆ ಏನೇನು ಮಾತು ಬರ್ತಿತ್ತೋ ಅನ್ಸತ್ತೆ, ಆದ್ರೆ ಅದನ್ನ ಊಹೆ ಮಾಡಿ ಬರೆಯೋ ಹಾಗಿಲ್ಲ.

ಈಗ ಯುದ್ಧದ ಪುಟ. ಇಲ್ಲಿ ಒಂದು ಮಜಾ ಇದೆ, ಮಧ್ಯದ ಕಾಲಮ್ ತುಂಬಿ ತುಳುಕತ್ತೆ ಆದ್ರೆ ನಮ್ಮ ಮನುಷ್ಯ ಅಲ್ಲಿ ಇಲ್ವೇ ಇಲ್ಲ. ಬ್ರಿಟನ್ ಯುದ್ಧಕ್ಕೆ ಅಂತ ಇಲ್ಲಿಂದ ಬಟ್ಟೆ, ಸೆಣಬು, ಧಾನ್ಯ, ಸೈನಿಕರ ಸಂಬಳ ಎಲ್ಲಾ ತಗೊಂಡು ಲಂಡನ್ನಿನ ಖಾತೆಲಿ ಪೌಂಡ್ ಜಮಾ ಮಾಡ್ತಿತ್ತು, ಆ ಪೌಂಡ್ ತೋರ್ಸಿ ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಪ್ರಿಂಟ್ ಮಾಡ್ತಿತ್ತು. ಒಂದ್ರೀತಿ ಅಂಗಡಿಲಿ ಉದ್ರಿ ಬರೆಸಿದ ಹಂಗೆ, ಸಾಮಾನು ಇವತ್ತು ಹೋಯ್ತು, ದುಡ್ಡು ಯಾವತ್ತೋ. ಆ ಉದ್ರಿ ಲೆಕ್ಕಕ್ಕೇ ಸ್ಟರ್ಲಿಂಗ್ ಬ್ಯಾಲೆನ್ಸ್ ಅಂತ ಹೆಸರು. ಯುದ್ಧ ಮುಗಿಯೋ ಹೊತ್ತಿಗೆ ಚಲಾವಣೆಲಿದ್ದ ನೋಟು ಆರು ಪಟ್ಟಿಗಿಂತ ಜಾಸ್ತಿ ಆಗಿತ್ತು, ಬೆಲೆ ಏನಾಯ್ತು ಅಂತ 1943ರ ಬರಗಾಲ ಕಂಡ ಬಂಗಾಳದೋರ್ನ ಕೇಳ್ಬೇಕು. ಆಗ ಗವರ್ನರ್ ಆಗಿದ್ದೋರು ಮೊದ್ಲು ಜೇಮ್ಸ್ ಟೇಲರ್, 1943ರಲ್ಲಿ ಅವರು ತೀರ್ಕೊಂಡ ಮೇಲೆ ಸಿ.ಡಿ. ದೇಶಮುಖ್.

ರಾಮರಾವ್ ಎಲ್ಲಿದ್ರು? ಮುಂಬೈ ಬಂದರಿನಲ್ಲಿ. 1941ರಿಂದ 46ರ ತನಕ ಬಾಂಬೆ ಪೋರ್ಟ್ ಟ್ರಸ್ಟಿನ ಚೇರ್ಮನ್. 1944ರ ಏಪ್ರಿಲ್ 14ಕ್ಕೆ ವಿಕ್ಟೋರಿಯಾ ಡಾಕಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಸಿಡೀತು. ಅದ್ರಲ್ಲಿ ಸ್ಫೋಟಕಾನೂ ಇತ್ತು ಹತ್ತಿ ಬೇಲೂ ಇತ್ತು, ಇವೆರಡನ್ನೂ ಒಂದೇ ಹಡಗಲ್ಲಿ ತುಂಬೋದು ಯುದ್ಧಕಾಲದ ಅವಸರದಲ್ಲಿ ಮಾತ್ರ ಸಾಧ್ಯ, ಜೊತೆಗೆ ಚಿನ್ನದ ಗಟ್ಟಿಗಳ ಪೆಟ್ಟಿಗೆ. ನೂರಾರು ಜನ ಸತ್ರು, ಬಂದರಿನ ದೊಡ್ಡ ಭಾಗ ಸುಟ್ಟೋಯ್ತು, ಚಿನ್ನದ ಗಟ್ಟಿ ಆಕಾಶದಿಂದ ಬಿತ್ತು, ಎಷ್ಟೋ ವರ್ಷ ಆದ್ಮೇಲೂ ಹೂಳೆತ್ತೋವಾಗ ಒಂದೊಂದು ಸಿಗ್ತಿತ್ತು. ಇಲ್ಲಿ ಮೂರೂ ಕಾಲಮ್ ಮೊದಲ ಸಲ ಒಂದೇ ಲೈನಲ್ಲಿ ಬರತ್ತೆ, ಬಲಗಡೆ ಯುದ್ಧ, ಮಧ್ಯದಲ್ಲಿ ಚಿನ್ನ, ಎಡಗಡೆ ಮುಂದೆ ರಿಸರ್ವ್ ಬ್ಯಾಂಕಿನ ಚಿನ್ನಕ್ಕೆ ಜವಾಬ್ದಾರ ಆಗೋ ಮನುಷ್ಯ ಬಂದರಿನ ಚೇರ್ಮನ್ ಆಗಿ. ಆದ್ರೂ "ಅವತ್ತೇ ಚಿನ್ನದ ಬೆಲೆ ಅರಿತರು" ಅಂತೆಲ್ಲ ಸಿನಿಮಾ ಮಾಡಕ್ಕೆ ಹೋಗ್ಬೇಡಿ, ಲೈನ್ ಮಾತ್ರ ಬರ್ದು ಬಿಡಿ.

1947ರಲ್ಲಿ ಟೋಕಿಯೊಗೆ ಹೋದ್ರು, ಜಪಾನ್ ಆಗ ಅಮೆರಿಕನ್ನರ ಕೈಲಿ, ಮ್ಯಾಕ್‌ಆರ್ಥರ್ ದರ್ಬಾರು. ಅಲ್ಲಿಂದ 1948ಕ್ಕೆ ವಾಷಿಂಗ್ಟನ್‌ಗೆ ರಾಯಭಾರಿ. ಈ ಎರಡು ವರ್ಷ ಬೇಗ ದಾಟಿ, ಮಧ್ಯದ ಕಾಲಮ್ಮಿಗೆ ಹೆಚ್ಚೇನೂ ಸಿಗಲ್ಲ.

ಮುಂದಿನ ಪುಟಕ್ಕೆ ಕ್ಯಾಲ್ಕ್ಯುಲೇಟರ್ ಹತ್ರ ಇಟ್ಕೊಳ್ಳಿ. 1949 ಜನವರಿ 1ಕ್ಕೆ ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣ, ಅದಕ್ಕೆ ಮುಂಚೆ ಅದು ಷೇರುದಾರರ ಬ್ಯಾಂಕು. ಜುಲೈ 1ಕ್ಕೆ ರಾಮರಾವ್ ಬಂದ್ರು. ಬಂದು ಹನ್ನೊಂದು ವಾರ, ಸೆಪ್ಟೆಂಬರ್ 18, ಬ್ರಿಟನ್ ಪೌಂಡಿನ ಬೆಲೆ 4.03 ಡಾಲರಿಂದ 2.80ಕ್ಕೆ ಇಳಿಸ್ತು. ರೂಪಾಯಿ ಪೌಂಡಿನ ಬಾಲ ಹಿಡ್ಕೊಂಡಿತ್ತು, ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದ್ರೆ ಪೌಂಡಿಗೆ 13 ರೂಪಾಯಿ 33 ಪೈಸೆ ಲೆಕ್ಕ (ಪೈಸೆ ಅಂತ ನಾನು ಇವತ್ತಿನ ಲೆಕ್ಕದಲ್ಲಿ ಹೇಳ್ತಿದೀನಿ, ಆಗ ಆಣೆ, ದಶಮಾಂಶದ ನಾಣ್ಯ ಬಂದಿದ್ದು 1957 ಏಪ್ರಿಲ್ 1ಕ್ಕೆ). 13.33ನ 4.03ರಿಂದ ಭಾಗ್ಸಿ, 3.31 ಬರತ್ತೆ. 2.80ರಿಂದ ಭಾಗ್ಸಿ, 4.76. ಡಾಲರ್ ಬೆಲೆ ಒಂದೇ ಏಟಿಗೆ 3.31ರಿಂದ 4.76ಕ್ಕೆ. ಸುಮಾರು ಜನ ಇಲ್ಲಿ ತಪ್ಪು ಮಾಡ್ತಾರೆ, ಪೌಂಡ್ ಇಳಿದಿದ್ದು 30.5 ಪರ್ಸೆಂಟು, ಆದ್ರೆ ನಮಗೆ ಡಾಲರ್ ತುಟ್ಟಿ ಆಗಿದ್ದು 44 ಪರ್ಸೆಂಟು, ಎರಡೂ ಸರಿನೇ, ಯಾವ ಕಡೆಯಿಂದ ನೋಡ್ತೀರ ಅನ್ನೋದ್ರ ಮೇಲೆ. ಒಂದನ್ನೇ ಹಿಡಿದು ಕೊನೆವರೆಗೂ ಬರೀರಿ.

ಇದ್ರಲ್ಲಿ ಹೊಸ ಗವರ್ನರ್ ಪಾತ್ರ ಎಷ್ಟು? ನನ್ನ ಪ್ರಕಾರ ತುಂಬಾ ಕಮ್ಮಿ. ನಮ್ಮ ವ್ಯಾಪಾರ, ನಮ್ಮ ಉಳಿತಾಯ ಎಲ್ಲಾ ಪೌಂಡಲ್ಲೇ ಇದ್ದಾಗ ಲಂಡನ್ ಇಳಿದ್ರೆ ದಿಲ್ಲಿ ಇಳೀದೆ ಇರಕ್ಕೆ ಆಗ್ತಿರ್ಲಿಲ್ಲ. ಆದ್ರೆ ಕರಾಚಿ ಇಳೀಲಿಲ್ಲ ನೋಡಿ, ಮಜಾ ಇರೋದೇ ಅಲ್ಲಿ. ಪಾಕಿಸ್ತಾನ ತನ್ನ ರೂಪಾಯಿನ ಹಾಗೇ ಇಟ್ಕೊಂಡಿತು, ಹಾಗಾಗಿ ಅವರ 100 ರೂಪಾಯಿಗೆ ನಮ್ಮ 144 ಅಂತಾಯ್ತು, ನಾವು ಒಪ್ಪಲ್ಲ ಅಂದ್ವಿ, ವ್ಯಾಪಾರ ನಿಂತೋಯ್ತು. ಸೆಣಬು ಬೆಳೆಯೋದು ಪೂರ್ವ ಬಂಗಾಳದಲ್ಲಿ, ಸೆಣಬಿನ ಮಿಲ್ಲು ಇರೋದು ಕಲ್ಕತ್ತಾದಲ್ಲಿ, ನಡುವೆ ಎರಡು ವರ್ಷದ ಹಿಂದೆ ಎಳೆದ ಗಡಿ. ದೇಶ ವಿಭಜನೆನ ಎಷ್ಟೋ ರೀತಿ ಓದಿದೀವಿ, ಎಕ್ಸ್‌ಚೇಂಜ್ ರೇಟಲ್ಲಿ ಓದಿರೋದು ಕಮ್ಮಿ. ಅವರು ಕೊನೆಗೂ ಅಪಮೌಲ್ಯ ಮಾಡಿದ್ದು 1955ರಲ್ಲಿ.

ಕೊರಿಯಾದ ಪುಟ ನನಗೆ ತುಂಬಾ ಇಷ್ಟ. 1950 ಜೂನ್ 25ಕ್ಕೆ ಯುದ್ಧ ಶುರುವಾದಾಗ ವಿಶ್ವಸಂಸ್ಥೆ ಭದ್ರತಾ ಮಂಡಳಿಯ ಆ ತಿಂಗಳ ಅಧ್ಯಕ್ಷರು ಯಾರು? ಅಣ್ಣ, ಬಿ.ಎನ್. ರಾವ್. ಪೆನ್ಸಿಲ್ಲಲ್ಲಿ ಬರ್ದಿದ್ದ ಹೆಸರು ಬಲಗಡೆ ಕಾಲಮ್ಮಿಗೇ ದಾಟ್ತು. ಅಣ್ಣ ನ್ಯೂಯಾರ್ಕಲ್ಲಿ ಗೊತ್ತುವಳಿ ವೋಟಿಗೆ ಹಾಕ್ತಿದಾರೆ, ತಮ್ಮ ಮುಂಬೈಲಿ ಗವರ್ನರ್ ಕುರ್ಚಿಲಿ. ಇದು ಬರೀ ಕಾಕತಾಳೀಯ ಆಗ್ಬಹುದಿತ್ತು, ಆದ್ರೆ ಮಧ್ಯದ ಕಾಲಮ್ ಉಳಿಸತ್ತೆ. ಯುದ್ಧ ಅಂದ ಕೂಡ್ಲೇ ದೊಡ್ಡ ದೇಶಗಳು ಕಚ್ಚಾ ಸಾಮಾನು ಕೂಡಿಡಕ್ಕೆ ಶುರು ಮಾಡಿದ್ವು, ಸೆಣಬು ಹತ್ತಿ ರಬ್ಬರ್ ಎಲ್ಲಾದ್ರ ಬೆಲೆ ಮೇಲೆ ಹೋಯ್ತು, ಇಲ್ಲಿ ವ್ಯಾಪಾರಿಗಳು ಬ್ಯಾಂಕಿಂದ ಸಾಲ ತಂದು ದಾಸ್ತಾನು ಮಾಡಕ್ಕೆ ಇಳಿದ್ರು, ಬ್ಯಾಂಕುಗಳ ಕೈಲಿ ದುಡ್ಡು ಎಲ್ಲಿಂದ ಬರ್ತಿತ್ತು ಅಂದ್ರೆ ತಮ್ಮ ಹತ್ರ ಇದ್ದ ಸರ್ಕಾರಿ ಬಾಂಡನ್ನ ರಿಸರ್ವ್ ಬ್ಯಾಂಕಿಗೆ ಮಾರಿ. ಅಂದ್ರೆ ಬೆಲೆ ಏರಿಕೆಗೆ ಎಣ್ಣೆ ಹೊಯ್ತಿದ್ದಿದ್ದು ಸ್ವತಃ ರಿಸರ್ವ್ ಬ್ಯಾಂಕೇ.

1951ರ ನವೆಂಬರಲ್ಲಿ ರಾಮರಾವ್ ಇದನ್ನ ನಿಲ್ಲಿಸಿದ್ರು. ಬ್ಯಾಂಕ್ ರೇಟ್ 3ರಿಂದ 3.5ಕ್ಕೆ. ಅರ್ಧ ಪರ್ಸೆಂಟು ತಾನೇ ಅಂತ ನಗ್ಬೇಡಿ, 1935ರ ನವೆಂಬರಿಂದ ಹದಿನಾರು ವರ್ಷ, ಒಂದು ಮಹಾಯುದ್ಧ ಒಂದು ಸ್ವಾತಂತ್ರ್ಯ ಒಂದು ವಿಭಜನೆ ಎಲ್ಲಾ ಆದ್ರೂ ಅಲ್ಲಾಡದೆ ಇದ್ದ ನಂಬರ್ ಅದು. ಜೊತೆಗೆ, ಬಿಜಿ ಸೀಸನ್ ಅಂತ ಸುಮ್ನೆ ಬಾಂಡ್ ಕೊಳ್ಳಲ್ಲ ಅಂದ್ರು. ಆದ್ರೆ ಸುಗ್ಗಿಲಿ ವ್ಯಾಪಾರಕ್ಕೆ ದುಡ್ಡು ಬೇಕಲ್ಲ, ಅದಕ್ಕೆ 1952ರ ಜನವರಿಲಿ ಬಿಲ್ ಮಾರ್ಕೆಟ್ ಸ್ಕೀಮ್ ಅಂತ ತಂದ್ರು, ಬಾಂಡ್ ಮಾರೋ ಬದ್ಲು ವ್ಯಾಪಾರದ ಬಿಲ್ಲುಗಳ (ಇಂಥ ದಿನ ದುಡ್ಡು ಕೊಡ್ತೀನಿ ಅಂತ ಬರೆದುಕೊಟ್ಟ ಪತ್ರ) ಆಧಾರದ ಮೇಲೆ ಸಾಲ ತಗೊಳ್ಳಿ, ಸೀಸನ್ ಮುಗಿದ ಮೇಲೆ ವಾಪಸ್ ಕಟ್ಟಿ ಅಂತ. ನಲ್ಲಿ ಮುಚ್ಚಿ ಕೊಡದಲ್ಲಿ ಅಳೆದು ಕೊಟ್ಟಂಗೆ. 1952ರ ಮೊದಲ ಭಾಗದಲ್ಲೇ ಬೆಲೆಗಳು ಬಿದ್ವು. ಬ್ಯಾಂಕ್ ರೇಟಿಂದಲೇ ಬಿದ್ವು ಅಂತ ಬರ್ದೀರ ಜೋಕೆ, ಹೊರಗಡೆ ಕೊರಿಯಾದ ಅಬ್ಬರಾನೂ ಇಳೀತಿತ್ತು. ಎರಡನ್ನೂ ಬರ್ದು ಓದೋರಿಗೆ ಬಿಡಿ. ಈ ಬಿಲ್ ಸ್ಕೀಮಿಗೆ ಒಂದು ಸ್ಟಾರ್ ಹಾಕಿ ಇಟ್ಕೊಳ್ಳಿ.

1952ರಿಂದ 55ರ ತನಕ ಬಲಗಡೆ ಕಾಲಮ್ ಸ್ವಲ್ಪ ಖಾಲಿ ಖಾಲಿ ಇದ್ರೆ ಗಾಬರಿ ಆಗ್ಬೇಡಿ, ಪ್ರಪಂಚ ನಮ್ಮನ್ನ ಕಾಡದೆ ಇದ್ದಾಗ ಗವರ್ನರ್‌ಗಳು ಮನೆ ಕೆಲ್ಸ ಮಾಡ್ತಾರೆ. ಗೋರ್ವಾಲಾ ಸಮಿತಿಯ ಗ್ರಾಮೀಣ ಸಾಲದ ಸರ್ವೆ ವರದಿ ಬಂದಿದ್ದು ಈಗ್ಲೇ, 75 ಜಿಲ್ಲೆ, 600 ಹಳ್ಳಿ. ರೈತರು ಮಾಡ್ತಿದ್ದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು 3.1 ಪರ್ಸೆಂಟು, ಬ್ಯಾಂಕುಗಳದ್ದು 1 ಪರ್ಸೆಂಟಿಗೂ ಕಮ್ಮಿ, ಸಾಹುಕಾರರದ್ದು ಹೆಚ್ಚುಕಮ್ಮಿ 70. ನಮ್ಮೂರ ಕಡೆ ಯಾರ ಮನೆ ಅಜ್ಜಿನ ಕೇಳಿದ್ರೂ ಈ ಲೆಕ್ಕ ಸರ್ವೆ ಇಲ್ದೇ ಹೇಳ್ತಿದ್ರು, ಆದ್ರೂ ದಿಲ್ಲಿಗೆ ನಂಬರ್ ಬೇಕು. ಆ ವರದಿಯಿಂದಾನೇ ಇಂಪೀರಿಯಲ್ ಬ್ಯಾಂಕು 1955 ಜುಲೈ 1ಕ್ಕೆ ಸ್ಟೇಟ್ ಬ್ಯಾಂಕ್ ಆಯ್ತು.

ಇನ್ನು 1956. ಈ ಒಂದು ವರ್ಷಕ್ಕೆ ಪೂರ್ತಿ ಪುಟ ಬಿಡಿ. ಏಳು ವರ್ಷ ರಾಮರಾವ್ ಕೆಲ್ಸ ಸುಸೂತ್ರ ನಡೀತು ಅಂದ್ರೆ ಅದಕ್ಕೆ ಒಂದು ಕಾರಣ ನನಗೆ ಕಾಣೋದು, 1950ರಿಂದ ಹಣಕಾಸು ಮಂತ್ರಿ ಆಗಿದ್ದೋರು ಹಿಂದಿನ ಗವರ್ನರ್ ದೇಶಮುಖ್. ಆ ಕುರ್ಚಿ ಏನು ಅಂತ ಕೂತು ನೋಡಿದೋರು. ಭಾಷಾವಾರು ರಾಜ್ಯಗಳ ವಿಂಗಡಣೇಲಿ ಮುಂಬೈ ಯಾರಿಗೆ ಅನ್ನೋ ಜಗಳದಲ್ಲಿ ದೇಶಮುಖ್ 1956ರಲ್ಲಿ ರಾಜೀನಾಮೆ ಕೊಟ್ರು, ಅವರ ಜಾಗಕ್ಕೆ ಟಿ.ಟಿ. ಕೃಷ್ಣಮಾಚಾರಿ ಬಂದ್ರು. ನಮ್ಮ ಕರ್ನಾಟಕ ಏಕೀಕರಣ ಆಗಿದ್ದೂ ಅದೇ ವಿಂಗಡಣೇಲಿ, 1956 ನವೆಂಬರ್ 1. ಅವತ್ತು ಬಲಗಡೆ ಕಾಲಮ್ ನೋಡಿ, ಇಸ್ರೇಲ್ ಸೈನ್ಯ ಸಿನಾಯ್ ನುಗ್ಗಿ ಮೂರು ದಿನ, ಬ್ರಿಟಿಷ್ ವಿಮಾನಗಳು ಈಜಿಪ್ಟ್ ಮೇಲೆ ಬಾಂಬ್ ಹಾಕ್ತಿದ್ವು, ಸೂಯೆಜ್ ಕಾಲುವೆ ಮುಚ್ತು. ನಮ್ಮಲ್ಲಿ ಭುವನೇಶ್ವರಿ ಮೆರವಣಿಗೆ. ಚಂದ ಕಾಣತ್ತೆ, ಆದ್ರೆ ನಮ್ಮ ರೂಲ್ ಪ್ರಕಾರ ಇದಕ್ಕೆ ಗಂಟು ಹಾಕೋ ಹಾಗಿಲ್ಲ, ಮಧ್ಯದಲ್ಲಿ ಏನೂ ಇಲ್ಲ. ಗಂಟು ಇರೋದು ಬೇರೆ ಕಡೆ: ಎರಡನೇ ಪಂಚವಾರ್ಷಿಕ ಯೋಜನೆಗೆ ಅಂತ ಮೆಷಿನರಿ, ಸ್ಟೀಲು ಎಲ್ಲಾ ಹೊರಗಿಂದ ತರಿಸ್ತಾ ಇದೀವಿ, ಕೂಡಿಟ್ಟ ಪೌಂಡು ಕರಗ್ತಾ ಇದೆ, ಅದೇ ಹೊತ್ತಿಗೆ ಹಡಗುಗಳು ಆಫ್ರಿಕಾ ಸುತ್ತಿ ಬರೋ ಹಂಗಾಯ್ತು.

ಇಲ್ಲೊಂದು ಲೆಕ್ಕ ನೀವೇ ಮಾಡಿ ನೋಡಿ. ಹಳೆ ಕಾಯ್ದೆ ಪ್ರಕಾರ ನೋಟಿನ ಹಿಂದೆ 40 ಪರ್ಸೆಂಟು ಚಿನ್ನ, ಪೌಂಡು ಇರ್ಬೇಕಿತ್ತು. 1956ರಲ್ಲಿ ಅದನ್ನ ತೆಗೆದು ಕನಿಷ್ಠ 115 ಕೋಟಿ ಚಿನ್ನ, 400 ಕೋಟಿ ವಿದೇಶಿ ಸೆಕ್ಯುರಿಟಿ (ಬಾಂಡಿನಂಥ ಪತ್ರ) ಅಂತ ಮಾಡಿದ್ರು. ಚಿನ್ನ ಪುಸ್ತಕದಲ್ಲಿ ಇದ್ದಿದ್ದು ಬರೀ 40 ಕೋಟಿ. ಎಲ್ಲಿಂದ ಬಂತು ಉಳಿದಿದ್ದು? ಅದುವರೆಗೂ ತೊಲಕ್ಕೆ 21 ರೂಪಾಯಿ 24 ಪೈಸೆ ಅಂತ ಬರ್ದಿಟ್ಟಿದ್ರು, ಅದನ್ನ 62.50 ಮಾಡಿದ್ರು. 40ನ 62.50ರಿಂದ ಗುಣಿಸಿ 21.24ರಿಂದ ಭಾಗ್ಸಿ, 118ರ ಹತ್ರ ಬರತ್ತೆ. ಒಂದು ಗುಂಜಿ ಚಿನ್ನ ಹೊಸದಾಗಿ ಬರ್ಲಿಲ್ಲ. ಆ 62.50 ಕೂಡ ಗಾಳಿಲಿ ಬಂದಿದ್ದಲ್ಲ, ಔನ್ಸಿಗೆ 35 ಡಾಲರ್ ಅನ್ನೋ ಅಮೆರಿಕದ ರೇಟನ್ನ 4.76ರಲ್ಲಿ ಗುಣಿಸಿ ತೊಲಕ್ಕೆ ತಂದಿದ್ದು. ಮಧ್ಯದ ಕಾಲಮ್ ಕೈಯಿಂದ ಲೆಕ್ಕ ಮಾಡಿ ತುಂಬಿಸಿ ಅಂತ ನಾನು ಹೇಳೋದು ಇದಕ್ಕೇ, 1949ರ ನಂಬರ್ 1956ರಲ್ಲಿ ತಾನೇ ಎದ್ದು ಬರತ್ತೆ.

ಈಗ ಸ್ಟಾರ್ ಹಾಕಿದ ಬಿಲ್ ಸ್ಕೀಮಿಗೆ ವಾಪಸ್ ಬನ್ನಿ. 1956ರ ಕೊನೆಲಿ ಕೃಷ್ಣಮಾಚಾರಿ ಬಿಲ್ಲುಗಳ ಮೇಲಿನ ಸ್ಟಾಂಪ್ ಡ್ಯೂಟಿ ಜೋರಾಗಿ ಏರಿಸಿದ್ರು. ಬ್ಯಾಂಕ್ ರೇಟ್ ಪೇಪರಲ್ಲಿ 3.5 ಇದ್ದಂಗೇ ಇತ್ತು, ಆದ್ರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿಂದ ಸಾಲ ತರ್ತಿದ್ದಿದ್ದೇ ಬಿಲ್ಲುಗಳ ಮೇಲೆ, ಹಾಗಾಗಿ ಸಾಲದ ನಿಜವಾದ ಬೆಲೆ ಏರ್ತು, ಗವರ್ನರ್ ಕೈ ಹಾಕದೇನೇ. ಬಡ್ಡಿ ಎಷ್ಟು ಅನ್ನೋದು ನನ್ನ ಕೆಲ್ಸ ತೆರಿಗೆ ಮಂತ್ರಿದಲ್ಲ ಅಂತ ರಾಮರಾವ್, ರಿಸರ್ವ್ ಬ್ಯಾಂಕ್ ಹಣಕಾಸು ಇಲಾಖೆಯ ಒಂದು ವಿಭಾಗ ಅಷ್ಟೇ ಅನ್ನೋ ಅರ್ಥದಲ್ಲಿ ಮಂತ್ರಿ. ಜಗಳ ನೆಹರೂ ತನಕ ಹೋಯ್ತು, ನೆಹರೂ ಮಂತ್ರಿ ಪರ ನಿಂತ್ರು. ಜನವರಿಲಿ ರಾಜೀನಾಮೆ.

ಇದನ್ನ ಬರೆಯೋವಾಗ ಎಲ್ರೂ ರಾಮರಾವ್‌ನ ಹುತಾತ್ಮ ಮಾಡ್ತಾರೆ. ನಾನು ಹಂಗೆ ಮಾಡಲ್ಲ. ಸರ್ಕಾರದ ಯೋಜನೆಗೆ ದುಡ್ಡು ಸಾಲ್ತಿಲ್ಲ, ವಿದೇಶಿ ವಿನಿಮಯ ಖಾಲಿ ಆಗ್ತಿದೆ, ಬಡ್ಡಿ ಏರ್ಬೇಕಿತ್ತು ಅನ್ನೋದು ಆಮೇಲಿನ ನಂಬರೇ ಹೇಳತ್ತೆ, 1957ರ ಮೇ ತಿಂಗಳಲ್ಲಿ ಹೊಸ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ ಬ್ಯಾಂಕ್ ರೇಟನ್ನ 4 ಮಾಡಿದ್ರು. ಜಗಳ ಎಷ್ಟು ಅನ್ನೋದ್ರ ಮೇಲೆ ಅಲ್ಲ, ಯಾರು ಅನ್ನೋದ್ರ ಮೇಲೆ. ಮತ್ತೆ ಆವಾಗ ದಪ್ಪ ಅಕ್ಷರದಲ್ಲಿ ಬರ್ಕೊಂಡ್ರಲ್ಲ, ಜೀವನವಿಡೀ ಸರ್ಕಾರಿ ನೌಕರ ಅಂತ, ಆ ಸರ್ಕಾರಿ ನೌಕರನೇ ನಾನು ಸರ್ಕಾರದ ವಿಭಾಗ ಅಲ್ಲ ಅಂತ ಎದ್ದು ಹೋಗಿದ್ದು.

ಮಾಹಿತಿ ಎಲ್ಲಿ ಹುಡುಕೋದು ಅಂದ್ರೆ, ರಿಸರ್ವ್ ಬ್ಯಾಂಕ್ ತಾನೇ ಬರೆಸಿರೋ ಇತಿಹಾಸದ ಸಂಪುಟಗಳು ಅವರ ಸೈಟಲ್ಲೇ ಫ್ರೀ ಇದಾವೆ, ಈ ರಾಜೀನಾಮೆ ಕಥೆನೂ ಮುಚ್ಚಿಟ್ಟಿಲ್ಲ. ಸಂಸತ್ತಿನ ಚರ್ಚೆ ಓದಿ, ಬೈಗುಳ ಹೆಂಗೆ ಮರ್ಯಾದೆಯಾಗಿ ಬೈತಿದ್ರು ಅಂತ ಗೊತ್ತಾಗತ್ತೆ. ಮತ್ತೆ ಹಳೆ ನೋಟು ಸಿಕ್ರೆ ಸಹಿ ನೋಡಿ, ತಾರೀಖಿಗಿಂತ ಚೆನ್ನಾಗಿ ಕಾಲ ಹೇಳತ್ತೆ. ಎರಡು ರೂಪಾಯಿ, ಐದು, ಹತ್ತು, ನೂರು, 1954ರಲ್ಲಿ ವಾಪಸ್ ಬಂದ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟು, ಇವುಗಳಲ್ಲಿ ರಾಮರಾವ್ ಸಹಿ ಇದೆ. ಒಂದು ರೂಪಾಯಿ ನೋಟಲ್ಲಿ ಮಾತ್ರ ಹುಡುಕ್ಬೇಡಿ, ಅದಕ್ಕೆ ಸಹಿ ಹಾಕೋದು ಗವರ್ನರ್ ಅಲ್ಲ, ಹಣಕಾಸು ಕಾರ್ಯದರ್ಶಿ.

ಕೊನೆ ಎಂಟ್ರಿನ ಜನವರಿ 14ಕ್ಕೇ ನಿಲ್ಲಿಸ್ಬೇಡಿ, ಇನ್ನು ನಾಲ್ಕು ಲೈನ್ ಬಿಡಿ. ರಾಮರಾವ್‌ಗೂ ಅಯ್ಯಂಗಾರ್‌ಗೂ ಮಧ್ಯೆ ಕೆ.ಜಿ. ಅಂಬೇಗಾಂವ್ಕರ್ ಅಂತ ಒಬ್ರು ಫೆಬ್ರವರಿ ಕೊನೆ ತನಕ, ಒಂದೂವರೆ ತಿಂಗಳು, ಗವರ್ನರ್ ಆಗಿದ್ರು. ಅವರು ಗವರ್ನರ್ ಅಂತ ಸಹಿ ಹಾಕಿದ ನೋಟು ಒಂದೂ ಇಲ್ಲ. ಆದ್ರೆ 1950, 51ರ ಒಂದು ರೂಪಾಯಿ ನೋಟು ತೆಗೆದು ನೋಡಿ, ಅಲ್ಲಿ ಅವರ ಸಹಿ ಇದೆ, ಹಣಕಾಸು ಕಾರ್ಯದರ್ಶಿ ಅಂತ.